ಪೆಟಿಗಿಯೊಳಗಿನ ಸನಾದಿ

ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೀನಿ. ಟಿವಿಯಲ್ಲಿ ಕೂತು ಮಾತಾಡುವವರಿಗೆ ಫೋನ್ ಕಾಲ್ ಹೊಸದಲ್ಲ. ಬೈಯೋರು ಮಾಡ್ತಾರೆ, ಹೊಗಳೋರು ಮಾಡ್ತಾರೆ, ಮಗನಿಗೊಂದು ಕೆಲಸ ಕೊಡಿಸಿ ಅಂತಾನೂ ಮಾಡ್ತಾರೆ. ಕೆಲವು ವರ್ಷಗಳ ಹಿಂದೆ ಬಂದ ಈ ಕಾಲ್ ಬೇರೆ ಥರದ್ದು. ಹಿಂದಿನ ದಿನ ನಾವು ಬೆಳಗಾವಿ ಜಿಲ್ಲೆಯ ಜಾತ್ರೆಗಳ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮ ಹಾಕಿದ್ದೆವು. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ತಾಲ್ಲೂಕಿನ ದೃಶ್ಯಗಳಿದ್ದವು. ಪಲ್ಲಕ್ಕಿ ಇತ್ತು, ಭಂಡಾರ ಇತ್ತು, ಪಲ್ಲಕ್ಕಿಯ ಮುಂದೆ ಸನಾದಿ ಊದುವವರೂ ಇದ್ದರು. ಕರೆ ಮಾಡಿದವರು ಮೂಡಲಗಿ ಕಡೆಯ ಹಿರಿಯರು. ನಮಸ್ಕಾರ ಹೇಳಿದ ಮೇಲೆ ನೇರ ವಿಷಯಕ್ಕೇ ಬಂದರು.

“ಸಾಹೇಬ್ರ, ನಿನ್ನೆ ತೋರಿಸಿದ್ರಲ್ಲ, ಚಿತ್ರ ನಮ್ದ ಐತ್ರಿ. ಸಪ್ಪಳ ನಮ್ದಲ್ರಿ.”

ನನಗೆ ಅರ್ಥ ಆಗಲಿಲ್ಲ. ಏನ್ರಿ ಅಜ್ಜಾರ ಹಂಗಂದ್ರೆ, ಅಂದೆ. “ಊದಾವನ ಬಳ್ಳು ಒಂದ ಕಡೆ ಆಡಾಕತ್ತಾವ, ಕೇಳೂದು ಬ್ಯಾರೆ ಐತಿ. ಅದು ಪೆಟಿಗಿಯೊಳಗಿನ ಸನಾದಿರಿ.”

ಎಡಿಟಿಂಗ್ ರೂಮಿಗೆ ಹೋಗಿ ಕೇಳಿದೆ. ವಿಷಯ ಸರಳ. ಶೂಟಿಂಗ್ ದಿನ ಗಾಳಿ ಜೋರಿತ್ತು. ಮೈಕಿಗೆ ಗಾಳಿ ಬಡಿದು ಬರ್ ಅನ್ನೋ ಸದ್ದು ಬಿಟ್ಟರೆ ಬೇರೇನೂ ದಾಖಲಾಗಿರಲಿಲ್ಲ. ಎಡಿಟರ್ ಹುಡುಗ ಏನು ಮಾಡಿದ? ನಮ್ಮ ಲೈಬ್ರರಿಯಲ್ಲಿ ‘ಶಹನಾಯಿ - ಹಬ್ಬ’ ಅಂತ ಒಂದು ಫೈಲ್ ಇತ್ತು, ಎಳೆದು ಹಾಕಿದ. ಆ ಫೈಲಿನಲ್ಲಿ ಇದ್ದದ್ದು ಶಹನಾಯಿಯೂ ಅಲ್ಲ. ಯಾವುದೋ ಊರಿನ ಸ್ಟುಡಿಯೋದಲ್ಲಿ ಯಾರೋ ಕೀಬೋರ್ಡ್ ಮೇಲೆ ಒತ್ತಿದ ಟೋನ್. ಗಣ್ಯರ ಮನೆ ಮದುವೆ ಸುದ್ದಿಗೂ ಅದೇ, ದೀಪಾವಳಿಗೂ ಅದೇ, ಯಾರಾದರೂ ದೊಡ್ಡವರು ತೀರಿಕೊಂಡರೆ ವೇಗ ತಗ್ಗಿಸಿ ಅದನ್ನೇ ಹಾಕ್ತಿದ್ದೆವು. ಇಡೀ ರಾಜ್ಯ ನೋಡಿದ ಕಾರ್ಯಕ್ರಮ. ಹಿಡಿದವರು ಒಬ್ಬರೇ.

ನಾಚಿಕೆ ಆಯ್ತು. ಜೊತೆಗೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಒಂದು ವಾದ್ಯದ ದನಿಯನ್ನು ಇನ್ನೊಂದು ವಾದ್ಯದಲ್ಲಿ ಹುಟ್ಟಿಸೋ ಈ ಕೆಲಸ ಯಾವಾಗಿನಿಂದ ನಡೆದಿದೆ? ಇದು ಮೋಸವಾ, ಕಲೆಯಾ?

ವೀಕ್ಷಕರೇ, ನಿಮಗೊಂದು ಪರೀಕ್ಷೆ. ಕಣ್ಣು ಮುಚ್ಚಿ ಹಾವಾಡಿಗನ ಪುಂಗಿ ನೆನಪು ಮಾಡಿಕೊಳ್ಳಿ. ಬಂತಾ ಟ್ಯೂನ್? ಮದುವೆ ಮೆರವಣಿಗೆಯಲ್ಲಿ ಕರ್ಚೀಫಿನ ತುದಿ ಬಾಯಲ್ಲಿ ಕಚ್ಚಿಕೊಂಡು ಹುಡುಗರು ನೆಲದ ಮೇಲೆ ಉರುಳ್ತಾರಲ್ಲ, ಅದೇ ಟ್ಯೂನ್. ನೂರಕ್ಕೆ ತೊಂಬತ್ತು ಮಂದಿಗೆ ನೆನಪಾಗೋದು 1954ರ ಹಿಂದಿ ಚಿತ್ರ ‘ನಾಗಿನ್’. ವೈಜಯಂತಿಮಾಲಾ ನಾಯಕಿ, ಹೇಮಂತ್ ಕುಮಾರ್ ಸಂಗೀತ. ಆ ಚಿತ್ರದಲ್ಲಿ ನೀವು ಕೇಳಿದ್ದು ಪುಂಗಿ ಅಲ್ಲ. ಅದು ಕ್ಲಾವಿಯೋಲಿನ್ ಅನ್ನೋ ವಿದ್ಯುತ್ ವಾದ್ಯ. ಫ್ರಾನ್ಸ್‌ನ ಕಾನ್‌ಸ್ಟಾಂಟ್ ಮಾರ್ಟಿನ್ 1947ರಲ್ಲಿ ತಂದ ಯಂತ್ರ. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುತ್ತೆ, ಪಕ್ಕದಲ್ಲಿರೋ ಗುಂಡಿಗಳಿಂದ ಆ ಸ್ವರದ ಬಣ್ಣ ಬದಲಿಸಬಹುದು. ನುಡಿಸಿದವರು ಕಲ್ಯಾಣ್‌ಜಿ. ಹೌದು, ಮುಂದೆ ತಮ್ಮನ ಜೊತೆ ಸೇರಿ ಕಲ್ಯಾಣ್‌ಜಿ–ಆನಂದ್‌ಜಿ ಆದವರೇ. ಜೊತೆಗೆ ಹಾರ್ಮೋನಿಯಂ ಹಿಡಿದವರು ರವಿ, ಅವರೂ ಮುಂದೆ ದೊಡ್ಡ ಸಂಗೀತ ನಿರ್ದೇಶಕರಾದರು.

ಆಮೇಲೆ ಆದದ್ದು ಇನ್ನೂ ಸ್ವಾರಸ್ಯ. ಸಿನಿಮಾ ಊರೂರಿಗೆ ಹೋಯ್ತು. ಬ್ಯಾಂಡಿನ ಕ್ಲಾರಿನೆಟ್‌ನವರು ಆ ಟ್ಯೂನ್ ಕಲಿತರು. ಪೇಟಿ ಮಾಸ್ತರರು ಕಲಿತರು. ಕೊನೆಗೆ ನಿಜವಾದ ಹಾವಾಡಿಗರೇ, ಸೋರೆಬುರುಡೆಯ ನಿಜವಾದ ಪುಂಗಿಯಲ್ಲಿ, ಅದನ್ನೇ ನುಡಿಸೋಕೆ ಶುರು ಮಾಡಿದರು. ಯಾಕಂದ್ರೆ ಜನ ಕೇಳೋದು ಅದನ್ನೇ. ಯಂತ್ರ ಪುಂಗಿಯ ನಕಲು ಮಾಡ್ತು, ಪುಂಗಿ ಯಂತ್ರದ ನಕಲು ಮಾಡ್ತು. ಈಗ ಅಸಲಿ ಯಾವುದು ಅಂತ ಕೇಳಿದರೆ ಉತ್ತರ ಹೇಳೋದು ಕಷ್ಟ.

ಇದನ್ನ ಓದಿ ‘ಅಯ್ಯೋ, ಎಲ್ಲ ಈ ಕರೆಂಟಿನ ವಾದ್ಯಗಳು ಬಂದು ಕೆಟ್ಟಿತು’ ಅನ್ನೋರಿಗೆ ಒಂದು ಮಾತು. ನಮ್ಮ ಗೋಕಾಕ, ಮೂಡಲಗಿ ಸೀಮೆಯ ಹೆಮ್ಮೆ ಯಾವುದು? ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನಿಂದ ಹುಟ್ಟಿ, ಕುಲಗೋಡದ ತಮ್ಮಣ್ಣನ ಕೈಯಲ್ಲಿ ತಿದ್ದಿಸಿಕೊಂಡು ಬೆಳೆದ ಆಟ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದನ್ನು ಊರೂರಿಗೆ ಮುಟ್ಟಿಸಿದರು. ಇವತ್ತು ಆ ಆಟದ ಹಿಮ್ಮೇಳ ಅಂದ ತಕ್ಷಣ ಕಣ್ಣ ಮುಂದೆ ಬರೋದು ಪೇಟಿ. ಪೇಟಿ ಇಲ್ಲದ ಪಾರಿಜಾತ ಇದೆಯಾ ಅಂತ ನಗ್ತಾರೆ. ಆದರೆ ಪೇಟಿ ನಮ್ಮದಾ? ಹಾರ್ಮೋನಿಯಂಗೆ ಪೇಟೆಂಟ್ ಪಡೆದವನು ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೈನ್, 1842ರಲ್ಲಿ. ಕಾಲಲ್ಲಿ ತುಳಿದು ನುಡಿಸೋ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕಿ ನುಡಿಸೋ ಹಾಗೆ ಇಳಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1880ರ ದಶಕದಲ್ಲಿ. ಅಂದರೆ ಕುಲಗೋಡ ತಮ್ಮಣ್ಣ ಪದ ಕಟ್ಟುವಾಗ ಕೈಪೇಟಿ ಅನ್ನೋದು ಹುಟ್ಟೇ ಇರಲಿಲ್ಲ.

ಹಾಗಾದರೆ ಪೇಟಿ ಹೇಗೆ ಒಳಗೆ ಬಂತು? ನಾಟಕದ ದಾರಿಯಲ್ಲಿ. ಮರಾಠಿ ಸಂಗೀತ ನಾಟಕದ ಪಿತಾಮಹ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಶಾಕುಂತಲ ನಾಟಕ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಆ ಪರಂಪರೆಯ ಕಂಪನಿಗಳಲ್ಲಿ ಸಾರಂಗಿಯವರು ಕೂರುತ್ತಿದ್ದ ಜಾಗದಲ್ಲಿ ನಿಧಾನಕ್ಕೆ ಕಾಲುಪೇಟಿ ಬಂದು ಕೂತಿತು. ಸಾರಂಗಿಯನ್ನು ಹಾಡಿಗೊಮ್ಮೆ ಶ್ರುತಿ ಮಾಡಬೇಕು, ಬಯಲಲ್ಲಿ ಸಾವಿರ ಜನಕ್ಕೆ ಅದರ ದನಿ ಮುಟ್ಟೋದಿಲ್ಲ, ಮಳೆಗಾಲದಲ್ಲಿ ಚರ್ಮ ಸಡಿಲ. ಪೇಟಿಗೆ ಈ ರಗಳೆ ಯಾವುದೂ ಇಲ್ಲ. ಕರಿ ಒಂದು ಅಂದರೆ ಕರಿ ಒಂದು, ಬಿಳಿ ನಾಲ್ಕು ಅಂದರೆ ಬಿಳಿ ನಾಲ್ಕು.

ಆದರೆ ಸಾರಂಗಿ ಮಾಡುತ್ತಿದ್ದ ಒಂದು ಕೆಲಸ ಪೇಟಿಗೆ ಬರೋದಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು. ಅದೇ ಮೀಂಡ್. ಪೇಟಿಯ ಮನೆಗಳ ನಡುವೆ ಗೋಡೆ ಇದೆ, ಜಾರೋಕೆ ದಾರಿ ಇಲ್ಲ. ಇನ್ನೊಂದು ತೊಂದರೆ ಗಂಧಾರದ್ದು. ಪಕ್ಕಪಕ್ಕದ ಎರಡು ಮನೆಗಳ ಅಂತರವನ್ನು 100 ಸೆಂಟ್ ಅಂತ ಲೆಕ್ಕ ಹಾಕ್ತಾರೆ. ಪಾಶ್ಚಾತ್ಯರ ಸಮಪಾಲಿನ ಲೆಕ್ಕದಲ್ಲಿ ಕೂರಿಸಿದ ಪೇಟಿಯ ಶುದ್ಧ ಗಂಧಾರ, ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಸೋ ಗಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತೆ. 14 ಅಂದರೆ ಏನು ಮಹಾ ಅನ್ನಬೇಡಿ. ಬಲ್ಲ ಕಿವಿಗೆ ಅದು ಊಟದಲ್ಲಿ ಸಿಕ್ಕ ಕಲ್ಲು.

ನಮ್ಮ ಪಕ್ಕದ ಸಾಂಗ್ಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ ಅನ್ನೋ ಡೆಪ್ಯುಟಿ ಕಲೆಕ್ಟರ್ ಇದರ ಹಿಂದೆ ಬಿದ್ದರು. 22 ಶ್ರುತಿಗಳನ್ನು ಅಳತೆ ಮಾಡೋಕೆ ಹೊರಟರು, ಅಬ್ದುಲ್ ಕರೀಂ ಖಾನರಂಥ ಗಾಯಕರ ಕೊರಳನ್ನೇ ಅಳತೆಗೋಲು ಮಾಡಿಕೊಂಡರು. 1910ರಲ್ಲಿ ಪುಸ್ತಕ ತಂದರು. ಕ್ಲೆಮೆಂಟ್ಸ್ ಅನ್ನೋ ಬ್ರಿಟಿಷ್ ನ್ಯಾಯಾಧೀಶರು ಜೊತೆಯಾದರು. ಲಂಡನ್ನಿನ ತಯಾರಕರಿಂದ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಪಾಪ, ಅದು ಊರಿಗೆ ಬರಲಿಲ್ಲ. ಅಷ್ಟು ಮನೆಗಳನ್ನು ಬೆರಳಲ್ಲಿ ಹಿಡಿಯೋದು ಹೇಗೆ? ಆದರೆ ಅವರು ಕೇಳಿದ ಪ್ರಶ್ನೆ ಇಂದಿನ ಸಿಂಥಸೈಜರ್ ಹುಡುಗರು ಕೇಳೋ ಪ್ರಶ್ನೆಯೇ. ಯಂತ್ರಕ್ಕೆ ಕೊರಳು ಕಲಿಸೋದು ಹೇಗೆ?

ದೆಹಲಿಯಲ್ಲಿ ಕೂತವರು ಮಾತ್ರ ಬೇರೆ ತೀರ್ಮಾನ ಮಾಡಿದರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. ಆಗ ಮುಖ್ಯಸ್ಥರು ಲಯೊನೆಲ್ ಫೀಲ್ಡೆನ್ ಅನ್ನೋ ಇಂಗ್ಲಿಷಿನವರು. ಪರದೇಶಿ ಪೆಟ್ಟಿಗೆ, ನಮ್ಮ ಸಂಗೀತ ಕೆಡಿಸುತ್ತೆ ಅಂತ ಅವರ ಜೊತೆ ನಿಂತವರಲ್ಲಿ ರವೀಂದ್ರನಾಥ ಠಾಕೂರರೂ ಇದ್ದರು. ನಿಷೇಧ ಸಡಿಲವಾಗೋಕೆ 1970ರ ದಶಕದ ಆರಂಭದವರೆಗೆ ಕಾಯಬೇಕಾಯ್ತು. ಲೆಕ್ಕ ಹಾಕಿ: ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ. ಅಂದರೆ ಮೊದಲ ಇಪ್ಪತ್ತು ವರ್ಷ, ಇಡೀ ಉತ್ತರ ಕರ್ನಾಟಕದ ಬಯಲಾಟದ ಕಟ್ಟೆಗಳಲ್ಲಿ ಪೇಟಿ ಮೊಳಗುತ್ತಿದ್ದಾಗ, ನಮ್ಮದೇ ರೇಡಿಯೋದಲ್ಲಿ ಅದಕ್ಕೆ ಪ್ರವೇಶ ಇರಲಿಲ್ಲ.

ನಿಷೇಧದಿಂದ ಪೇಟಿ ಸತ್ತಿತಾ? ಇಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆಯವರನ್ನು ಕೇಳಿದವರಿಗೆ ಗೊತ್ತು, ಪೇಟಿಯಲ್ಲಿ ಜಾರೋಕೆ ಆಗೋದಿಲ್ಲ ಅನ್ನೋ ಮಾತು ಎಷ್ಟು ಅರ್ಧಸತ್ಯ ಅಂತ. ಎರಡು ಸ್ವರಗಳ ನಡುವೆ ಗಾಳಿ ತಗ್ಗಿಸಿ, ಒಂದನ್ನು ಬಿಡುವ ಮೊದಲೇ ಇನ್ನೊಂದನ್ನು ಮುಟ್ಟಿ, ಚಿಕ್ಕ ಕಣಸ್ವರ ಸೇರಿಸಿ, ಕೇಳೋ ಕಿವಿಗೆ ಜಾರಿದ ಭ್ರಮೆ ಕೊಡಬಹುದು. ಗೋಡೆ ಇದ್ದಲ್ಲೇ ಇದೆ, ಆದರೆ ನಡೆಯೋನು ಗೋಡೆ ಕಾಣದ ಹಾಗೆ ನಡೀತಾನೆ. ಈ ಚಾತುರ್ಯ ಬಂದದ್ದು ವಾದ್ಯದ ಕೊರತೆಯಿಂದ. ಪೇಟಿಗೆ ಮೀಂಡ್ ಬರುವಂತಿದ್ದರೆ ಪೇಟಿ ಮಾಸ್ತರರಿಗೆ ಇಷ್ಟು ಜಾಣತನ ಬೇಕಾಗುತ್ತಲೇ ಇರಲಿಲ್ಲ. ನನ್ನ ಇಡೀ ವಾದ ಇರೋದೇ ಇಲ್ಲಿ, ಸ್ವಲ್ಪ ನೆನಪಿಟ್ಟುಕೊಳ್ಳಿ.

ಈಗ ಕರೆಂಟಿಗೆ ಬರೋಣ. ಕರೆಂಟು ಅಂದರೆ ಹುಕ್ಕೇರಿ. ಹೂವಿನ ಕೇರಿ ಅನ್ನೋದೇ ಹುಕ್ಕೇರಿ ಆಯ್ತು ಅಂತಾರೆ, ಆದರೆ ದೇಶದ ನಕ್ಷೆಯಲ್ಲಿ ಈ ತಾಲ್ಲೂಕಿಗೆ ವಿಶೇಷ ಗುರುತು ಇರೋದು ವಿದ್ಯುತ್ತಿನಿಂದ. 1969ರಲ್ಲಿ ಇಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಶುರುವಾಯ್ತು. ಹಳ್ಳಿಯವರೇ ಸದಸ್ಯರಾಗಿ ಕರೆಂಟು ಹಂಚಿಕೊಳ್ಳೋ ಪ್ರಯೋಗಕ್ಕೆ ದೇಶದಲ್ಲಿ ಮೊದಲು ಆರಿಸಿದ ಐದು ಕಡೆಗಳಲ್ಲಿ ಇದೊಂದು. ಸಂಘ ಇವತ್ತಿಗೂ ನಡೀತಿದೆ. ಅದರ ಚುನಾವಣೆ ಬಂದರೆ ನಮ್ಮಂಥ ಚಾನೆಲ್‌ಗಳಿಗೆ ಹಬ್ಬ, ಅದಿರಲಿ. ತಂತಿ ಹಳ್ಳಿಗೆ ಬಂದದ್ದೇ ತಡ, ಮೊದಲು ಬಂದದ್ದು ಪಂಪ್‌ಸೆಟ್ಟು, ಗಿರಣಿ. ಹಿಂದೆಯೇ ಬಂದದ್ದು ಲೌಡ್‌ಸ್ಪೀಕರ್ರು. ಲೌಡ್‌ಸ್ಪೀಕರ್ ಬಂದ ಮೇಲೆ ‘ಯಾವ ವಾದ್ಯ ದೊಡ್ಡದಾಗಿ ಕೇಳುತ್ತೆ’ ಅನ್ನೋ ಹಳೇ ಪ್ರಶ್ನೆಗೆ ಅರ್ಥವೇ ಉಳಿಯಲಿಲ್ಲ. ಸಣ್ಣ ದನಿಯ ವಾದ್ಯಕ್ಕೂ ಮೆರವಣಿಗೆಯಲ್ಲಿ ಜಾಗ ಸಿಕ್ಕಿತು.

ಬ್ಯಾಂಜೋ ನೋಡಿ. ನಮ್ಮ ಕಡೆ ಬ್ಯಾಂಜೋ ಅಂದರೆ ಅಮೆರಿಕದ ಬ್ಯಾಂಜೋ ಅಲ್ಲ. ಜಪಾನಿನ ನಗೋಯಾದಲ್ಲಿ 1912ರಲ್ಲಿ ಟೈಪ್‌ರೈಟರ್ ಥರದ ಗುಂಡಿಗಳನ್ನು ತಂತಿಯ ಮೇಲೆ ಕೂರಿಸಿ ಮಾಡಿದ ವಾದ್ಯ, ಭಾರತಕ್ಕೆ ಬಂದು ಬುಲ್‌ಬುಲ್ ತರಂಗ್ ಆಯ್ತು, ಬೆಳಗಾವಿ, ಕೊಲ್ಲಾಪುರ, ಮುಂಬೈ ಕಡೆ ಬ್ಯಾಂಜೋ ಆಯ್ತು. ಮನೆಯಲ್ಲಿ ಮಕ್ಕಳು ನುಡಿಸೋ ಆಟಿಕೆಯಂಥ ವಾದ್ಯ ಅದು. ಅದಕ್ಕೆ ಪಿಕಪ್ ಸಿಕ್ಕಿಸಿ ಆಂಪ್ಲಿಫೈಯರಿಗೆ ಕೊಟ್ಟ ಮೇಲೆ ಗಣಪತಿ ಮೆರವಣಿಗೆಯ ರಾಜ ಆಯ್ತು. ಲತಾ ಮಂಗೇಶ್ಕರ್ ಹಾಡಿನ ಪ್ರತಿ ಎಳೆಯನ್ನೂ ಆ ತಗಡಿನ ಗುಂಡಿಗಳಿಂದ ಹೊರಡಿಸುತ್ತಿದ್ದವರನ್ನು ನಾನು ಚಿಕ್ಕಂದಿನಲ್ಲಿ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ.

1977ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಮರೆಯೋಕಾಗುತ್ತಾ? ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿ, ಡಾ. ರಾಜ್ ಅಭಿನಯ, ಜಿ.ಕೆ. ವೆಂಕಟೇಶ್ ಸಂಗೀತ. ತೆರೆಯ ಮೇಲೆ ಉತ್ತರ ಕರ್ನಾಟಕದ ಸನಾದಿ, ಕಿವಿಗೆ ಬಿದ್ದದ್ದು ಬನಾರಸಿನ ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ. ಅದಕ್ಕಿಂತ ದೊಡ್ಡ ಗೌರವ ಇನ್ನೇನಿದೆ? ಆದರೂ ಒಂದು ಮಾತು ನಿಜ. ಅಂದಿನಿಂದ ಕನ್ನಡಿಗರ ಕಿವಿಯಲ್ಲಿ ಸನಾದಿ ಅಂದರೆ ಬನಾರಸಿನ ದನಿ. ಭಜಂತ್ರಿ ಮನೆತನಗಳು ಊರ ದೇವರ ಮುಂದೆ ಊದುವ ಆ ಒರಟು, ಗಂಟಲು ಕಟ್ಟಿದಂಥ ದನಿ ‘ಚೆನ್ನಾಗಿಲ್ಲದ ಶಹನಾಯಿ’ ಅನ್ನಿಸಿಕೊಂಡಿತು.

ಸಿಂಥಸೈಜರ್ ಹೊತ್ತಿಗೆ ಜಗತ್ತು ಓಡುತ್ತಿತ್ತು. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ತನ್ನ ಯಂತ್ರ ಜನರ ಮುಂದಿಟ್ಟ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೇ ಒಂದು ಮೂಗ್ ಬಂತು. 1982ರಲ್ಲಿ ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜೀತ್ ಸಿಂಗ್ ಮೂರು ಜಪಾನಿ ಯಂತ್ರ ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಧ್ವನಿಮುದ್ರಿಸಿದರು. ಅದರಲ್ಲಿ ಒಂದು ಯಂತ್ರ ಬೇಸ್ ಗಿಟಾರಿನ ಬದಲಿಗೆ ಅಂತ ತಯಾರಾದದ್ದು. ಆ ಕೆಲಸಕ್ಕೆ ಅದು ನಾಲಾಯಕ್ ಅನ್ನಿಸಿಕೊಂಡಿತು. ಆದರೆ ಸ್ವರದಿಂದ ಸ್ವರಕ್ಕೆ ಜಾರೋದು ಅದಕ್ಕೆ ಬರುತ್ತಿತ್ತು. ಯಾರಿಗೆ ಬೇಕಾದದ್ದು ಅದು? ರಾಗ ಬಲ್ಲವನಿಗೆ! ಆ ರೆಕಾರ್ಡು ಆಗ ಯಾರಿಗೂ ಬೇಡವಾಯ್ತು, 2010ರಲ್ಲಿ ಮತ್ತೆ ಹೊರಬಂದಾಗ ಯುರೋಪಿನವರು ತಲೆ ಮೇಲೆ ಹೊತ್ತರು. 1983ರಲ್ಲಿ ಮಿಡಿ ಅನ್ನೋ ಒಪ್ಪಂದ ಬಂತು. ಒಂದು ಕಂಪನಿಯ ಕೀಬೋರ್ಡಿನಿಂದ ಇನ್ನೊಂದು ಕಂಪನಿಯ ಯಂತ್ರವನ್ನು ನುಡಿಸಬಹುದು ಅಂತಾಯ್ತು. ನಮ್ಮಲ್ಲಿ 1987ರ ‘ಪ್ರೇಮಲೋಕ’ದ ಮೇಲೆ ಯಾವ ಊರಿನ ಆರ್ಕೆಸ್ಟ್ರಾಕ್ಕೂ ಕೀಬೋರ್ಡ್ ಇಲ್ಲದೆ ನಡೆಯದಾಯಿತು. ಆಮೇಲೆ ಯಮಾಹಾ, ಕ್ಯಾಸಿಯೋ ಭಾರತಕ್ಕೆಂದೇ ಬೇರೆ ಮಾದರಿ ತಂದವು. ತಬಲಾ, ಶಹನಾಯಿ, ಹಾರ್ಮೋನಿಯಂ ಎಲ್ಲ ಒಳಗೇ ಸಿದ್ಧ. ಒತ್ತಿದರೆ ಆಯ್ತು.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ನಾನು ಫೋನ್ ಮಾಡಿದ ಹಿರಿಯರ ಮನೆಗೆ ಹೋದೆ. ಕ್ಷಮೆ ಕೇಳೋದಿತ್ತು. ಅವರು ಸ್ವತಃ ಸನಾದಿಯವರು, ವಯಸ್ಸು ಎಪ್ಪತ್ತು ದಾಟಿತ್ತು. ಮೊಮ್ಮಗ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್, ನಡುವೆ ಸ್ಟುಡಿಯೋಗಳಲ್ಲಿ ಜಾನಪದ ಹಾಡಿನ ಕೆಲಸ. ಯೂಟ್ಯೂಬ್‌ನಲ್ಲಿ ಓಡೋ ಡಿಜೆ ಜಾನಪದ ಇದೆಯಲ್ಲ, ಅದೇ. ಚಹಾ ಕುಡಿಯುವಾಗ ನಾನೇ ಕಿಡಿ ಹಚ್ಚಿದೆ. ‘ತಮ್ಮಾ, ನಿಮ್ಮ ಮುತ್ಯಾನ ಸನಾದಿ ನಿನ್ನ ಪೆಟಿಗಿಯಲ್ಲಿ ಬರುತ್ತಾ?’

ಹುಡುಗ ಮೊದಲು ಶಹನಾಯಿ ಟೋನ್ ಒತ್ತಿದ. ಮುತ್ಯಾ ಕೈ ಅಲ್ಲಾಡಿಸಿದರು. “ಅದು ಜ್ವರ ಬಂದಾಂಗ ನಡುಗತೈತಿ.” ಸರಿಯಾದ ಮಾತು. ಸಿದ್ಧ ಟೋನುಗಳಲ್ಲಿ ಎಲ್ಲ ಸ್ವರಕ್ಕೂ ಒಂದೇ ಸಮನೆ ನಡುಕ ತುಂಬಿರ್ತಾರೆ. ಮನುಷ್ಯ ಊದುವಾಗ ಬೇಕಾದ ಕಡೆ ಮಾತ್ರ ನಡುಗಿಸ್ತಾನೆ. ಹುಡುಗ ನಡುಕ ತೆಗೆದ. ಶಹನಾಯಿಯನ್ನೇ 

ಬಿಟ್ಟು ಓಬೋ ಅನ್ನೋ ಟೋನ್ ತೆಗೆದುಕೊಂಡ. ಯಾಕೆ ಅಂದೆ. ಓಬೋ ಪಾಶ್ಚಾತ್ಯರದ್ದು, ಆದರೆ ಅದಕ್ಕೂ ಸನಾದಿಯ ಹಾಗೆ ಎರಡು ನಾಲಿಗೆ, ಅದರ ಕೊಳವೆಯೂ ಸನಾದಿಯ ಹಾಗೆ ತುದಿಗೆ ಹೋದಂತೆ ಅಗಲ. ದೂರದ ಸಂಬಂಧಿ. ಇನ್ನೊಂದು ದೊಡ್ಡ ಯಂತ್ರದಲ್ಲಾದರೆ ಬರಿಯ ಅಲೆಯಿಂದಲೇ ಶುರು ಮಾಡ್ತೀನಿ ಅಂದ. ಗರಗಸದ ಹಲ್ಲಿನ ಆಕಾರದ ಅಲೆ ತಗೊಂಡು, ಬೇಡವಾದ ಎತ್ತರದ ಸದ್ದನ್ನ ಜರಡಿ ಹಿಡಿದು ಸೋಸಬೇಕು. ಬ್ಯಾಂಡಿನ ಕ್ಲಾರಿನೆಟ್ ಬೇಕಾದರೆ ಚೌಕಾಕಾರದ ಅಲೆ. ಅದರ ಕೊಳವೆ ನೆಟ್ಟಗಿರೋದರಿಂದ ಅದರ ಒಳಗೆ ಹುಟ್ಟೋ ಉಪಸ್ವರಗಳು ಒಂದು ಬಿಟ್ಟು ಒಂದು. ಇದನ್ನ ಯಾವ ಕಾಲೇಜಲ್ಲಿ ಓದಿದೆಯಪ್ಪಾ ಅಂದೆ. ಮೊಬೈಲಲ್ಲಿ ನೋಡೀನ್ರಿ ಸರ, ಅಂದ.

ಆಮೇಲೆ ಅವನು ಮಾಡಿದ್ದು ಸ್ವರದ ಹುಟ್ಟನ್ನ ತಿದ್ದೋದು. ಯಾವ ಸ್ವರಕ್ಕಾದರೂ ಒಂದು ಹುಟ್ಟು, ಒಂದು ಇಳಿತ, ಒಂದು ನಿಲುವು, ಒಂದು ಮುಗಿತ ಇರುತ್ತೆ. ತಬಲಾ ಹುಟ್ಟಿದ ಕ್ಷಣಕ್ಕೇ ಸಾಯೋಕೆ ಶುರು. ಪೇಟಿ ಒತ್ತಿದರೆ ನಿಲ್ಲುತ್ತೆ, ಬಿಟ್ಟರೆ ಮುಗೀತು. ಸನಾದಿ ಹಾಗಲ್ಲ. ಉಸಿರು ನಾಲಿಗೆಗೆ ತಾಗಿದಾಗ ಸ್ವರ ಚೂರು ಕೆಳಗಿಂದ ಹುಟ್ಟಿ ತನ್ನ ಜಾಗಕ್ಕೆ ಹತ್ತುತ್ತೆ. ಹುಡುಗ ಎಡಗೈಯಲ್ಲಿ ಬೆಂಡರ್ ಚಕ್ರವನ್ನು ಮೊದಲೇ ಕೆಳಕ್ಕೆ ಎಳೆದಿಟ್ಟುಕೊಂಡ, ಬಲಗೈಯಲ್ಲಿ ಮನೆ ಒತ್ತುತ್ತಲೇ ಚಕ್ರ ಮೇಲಕ್ಕೆ ಬಿಟ್ಟ. ಮುತ್ಯಾ ಮೊದಲ ಸಲ ತಲೆ ಎತ್ತಿ ನೋಡಿದರು. “ಹ್ಞಾಂ. ಇನ್ನೊಮ್ಮೆ.”

ಇನ್ನೊಮ್ಮೆ, ಇನ್ನೊಮ್ಮೆ ಅಂತ ಎರಡು ತಾಸು ನಡೀತು. ಗಂಧಾರ ಮೇಲಾತು ಅಂದರು ಮುತ್ಯಾ. ಹುಡುಗ ಯಂತ್ರದ ಒಳಗೆ ಹೋಗಿ ಆ ಒಂದೇ ಸ್ವರವನ್ನು ಇಳಿಸಿದ. ಸಾಂಗ್ಲಿಯ ದೇವಲರು ಲಂಡನ್ನಿಗೆ ಬರೆದು ಮಾಡಿಸಿದ ಕೆಲಸ, ಮೂಡಲಗಿಯ ಪಡಸಾಲೆಯಲ್ಲಿ ಎರಡು ನಿಮಿಷಕ್ಕೆ ಮುಗೀತು. ಉಸಿರಿನ ಜಾಗಕ್ಕೆ ಬಂದಾಗ ಮಾತ್ರ ಸಿಕ್ಕಿಕೊಂಡ. ಸನಾದಿಯವರು ದನಿ ನಿಲ್ಲಿಸದೆ ಉಸಿರು ತಗೋತಾರೆ. ಕೆನ್ನೆಯಲ್ಲಿ ಕೂಡಿಟ್ಟ ಗಾಳಿಯಿಂದ ಊದ್ತಾ ಮೂಗಿನಿಂದ ಎಳಕೋತಾರೆ. ಆ ಕ್ಷಣದಲ್ಲಿ ದನಿಯ ತೂಕ ಒಂಚೂರು ಬದಲಾಗುತ್ತೆ. ಹುಡುಗ ಕಾಲಲ್ಲಿ ವಾಲ್ಯೂಮ್ ಪೆಡಲ್ ತುಳಿದು ಅದನ್ನ ತರೋಕೆ ನೋಡಿದ. ಕೊನೆಗೆ ಮುತ್ಯಾನ ತೀರ್ಪು ಬಂತು: “ಹತ್ರ ಬಂತ್. ಆದ್ರ ಇವ ನಮ್ಮೂರಾಂವ ಅಲ್ಲ, ಬಾಜೂ ಊರಾಂವ.”

ಇಷ್ಟರಲ್ಲಿ ಮುತ್ಯಾನ ಗುಟ್ಟೂ ಹೊರಬಿತ್ತು. ಮೊಮ್ಮಗನ ಡಿಜೆ ಹಾಡಿನಲ್ಲಿ ಬರೋ ಕೀಬೋರ್ಡಿನ ತುಣುಕನ್ನು ಇವರು ಸನಾದಿಯಲ್ಲಿ ನುಡಿಸ್ತಾರೆ! ಮದುವೆ ಮನೆಯ ಹುಡುಗರು ಕೇಳ್ತಾರಂತೆ. ಊದಿ ತೋರಿಸಿದರು. ಯಂತ್ರ ಕ್ಷಣಕ್ಕೆ ನಾಲ್ಕು ಸ್ವರ ಹಾರಿಸೋ ಕಡೆ ಇವರು ಎರಡೇ ಹಿಡಿದು, ನಡುವಿನದನ್ನು ಜಾರಿ ತುಂಬಿಸ್ತಾರೆ. ಹುಡುಗನಿಗೆ ನಗು, ಹೆಮ್ಮೆ ಎರಡೂ.

ಇನ್ನು ದುಡ್ಡಿನ ಮಾತು, ಆಡಲೇಬೇಕು. ಮೊದಲು ಒಂದು ಮದುವೆಗೆ ಸನಾದಿಯವರು, ಶ್ರುತಿ ಹಿಡಿಯೋರು, ಸಂಬಾಳದವರು, ಆಮೇಲೆ ಹತ್ತಾಳಿನ ಬ್ಯಾಂಡು. ಈಗ ಒಂದು ಕೀಬೋರ್ಡು, ಒಂದು ಪ್ಯಾಡು, ಎರಡು ದೊಡ್ಡ ಸ್ಪೀಕರು. ಅಜ್ಜನಿಗೆ ಬರಬೇಕಾದದ್ದು ಮೊಮ್ಮಗನಿಗೆ ಬರ್ತಿದೆ, ಅದೂ ಒಂದೇ ಮನೆ ಅನ್ನೋ ಕಾರಣಕ್ಕೆ ಇಲ್ಲಿ ಜಗಳ ಇಲ್ಲ. ಬೇರೆ ಮನೆಗಳಲ್ಲಿ ಏನಾಗಿರಬಹುದು ಊಹಿಸಿಕೊಳ್ಳಿ. ನನಗೆ ಯಂತ್ರದ ಮೇಲೆ ಸಿಟ್ಟಿಲ್ಲ. ಪೇಟಿಯನ್ನು ಬೈದವರು ಏನಾದರು ಅಂತ ನೋಡಿದೆವಲ್ಲ. ಪೇಟಿ ಮಾಸ್ತರರು ಆ ಪೆಟ್ಟಿಗೆಯ ಜೊತೆ ನೂರು ವರ್ಷ ಗುದ್ದಾಡಿ ಅದನ್ನು ನಮ್ಮದು ಮಾಡಿದರು. ನನಗೆ ಹೆದರಿಕೆ ಸಿದ್ಧ ಟೋನಿನದ್ದು. ಅಲ್ಲಿ ಗುದ್ದಾಟವೇ ಇಲ್ಲ. ಈ ಹುಡುಗ ಎರಡು ತಾಸು ಕೂತದ್ದು ಪಕ್ಕದಲ್ಲಿ ‘ಇದಲ್ಲ’ ಅನ್ನೋರು ಒಬ್ಬರು ಇದ್ದದ್ದಕ್ಕೆ. ಇಲ್ಲದಿದ್ದರೆ ಮೊದಲ ಗುಂಡಿಗೇ ಕೆಲಸ ಮುಗಿಸಿ ಎದ್ದು ಹೋಗ್ತಿದ್ದ. ನಮ್ಮ ಎಡಿಟರ್ ಮಾಡಿದ್ದೂ ಅದನ್ನೇ ತಾನೆ?

ಅವತ್ತು ನಮ್ಮ ಕ್ಯಾಮೆರಾದವನ ಬಳಿ ಒಳ್ಳೆಯ ಮೈಕ್ ಇತ್ತು. ಗಾಳಿ ಇಲ್ಲದ ಪಡಸಾಲೆಯಲ್ಲಿ ನಲವತ್ತು ನಿಮಿಷ ಮುತ್ಯಾನ ಸನಾದಿ ರೆಕಾರ್ಡ್ ಮಾಡಿಕೊಂಡೆವು. ಪಲ್ಲಕ್ಕಿ ಏಳುವಾಗಿನದು, ಊರ ಸುತ್ತುವಾಗಿನದು, ಮದುವೆಯ ಅಕ್ಷತೆಯದು, ಎಲ್ಲ ಬೇರೆ ಬೇರೆ. ಬೆಂಗಳೂರಿಗೆ ಬಂದು ನಾನೇ ಲೈಬ್ರರಿಯಲ್ಲಿ ಹಾಕಿಸಿದೆ. ಫೈಲಿಗೆ ಹೆಸರೂ ನಾನೇ ಬರೆಸಿದೆ: ‘ಸನಾದಿ, ಮೂಡಲಗಿ, ಅಸಲಿ’.

ಮೊನ್ನೆ ಸ್ಟುಡಿಯೋದಿಂದ ಹೊರಗೆ ಬರುವಾಗ ಟಿವಿಯಲ್ಲಿ ಮಂಡ್ಯ ಕಡೆಯ ಒಂದು ಜಾತ್ರೆಯ ಸುದ್ದಿ ಹೋಗ್ತಿತ್ತು. ತೇರಿನ ಮುಂದೆ ನಾಗಸ್ವರದವರು ಊದುತ್ತಿದ್ದರು, ಕಿವಿಗೆ ಕೇಳ್ತಿದ್ದದ್ದು ಮೂಡಲಗಿ ಮುತ್ಯಾನ ಸನಾದಿ. ಪಲ್ಲಕ್ಕಿ ಏಳುವಾಗಿನದು. ಮಂಡ್ಯದಿಂದ ಇನ್ನೂ ಯಾರೂ ಫೋನ್ ಮಾಡಿಲ್ಲ.